ಅತ್ತಿಗೆಯ ಹದಿಮೂರು ಪಂಕ್ಚರ್

ನಮ್ಮ ಅತ್ತಿಗೆಗೆ ಈಗ ನಲವತ್ತಾರು. ಬೆಳಿಗ್ಗೆ ಎಂಟಕ್ಕೆ ರೇಸ್ ಸೈಕಲ್ ಹತ್ತಿ, ಬೆನ್ನಿಗೆ ರಕ್ತದ ಡಬ್ಬಿ ಕಟ್ಟಿಕೊಂಡು ಹೊರಟರೆಂದರೆ ಕಾಲೇಜು ಹುಡುಗರು ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ನಾನು ನಾದಿನಿ, ಅತ್ತಿಗೆಯನ್ನು ಹೊಗಳುವುದು ನಾದಿನಿಯರ ಜಾಯಮಾನವಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವಷ್ಟು ಕೆಟ್ಟವಳೂ ನಾನಲ್ಲ.

ರಕ್ತದ ಡಬ್ಬಿ ಎಂದರೆ ಗಾಬರಿಯಾಗಬೇಡಿ. ನಾವಿಬ್ಬರೂ ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ನಾನು ಮುಂದಿನ ಕಿಟಕಿಯಲ್ಲಿ ಕೂತು ರಿಪೋರ್ಟ್ ಕೊಡುವವಳು. ಊರಿನ ನಾಲ್ಕು ಮೂಲೆಯಲ್ಲಿ ಲ್ಯಾಬಿನ ಚಿಕ್ಕ ಚಿಕ್ಕ ಕೋಣೆಗಳಿವೆ. ಅಲ್ಲಿ ರಕ್ತ ತೆಗೆಯುತ್ತಾರೆ, ಇಲ್ಲಿ ಪರೀಕ್ಷೆ ಮಾಡುತ್ತಾರೆ. ಅಲ್ಲಿಂದ ಇಲ್ಲಿಗೆ ತರುವವರು ಅತ್ತಿಗೆ. ಹತ್ತೊಂಬತ್ತು ಕಿಲೋಮೀಟರ್, ನಾಲ್ಕು ಕಡೆ ನಿಲ್ಲಬೇಕು, ಒಂಬತ್ತೂವರೆಗೆ ಡಬ್ಬಿ ಲ್ಯಾಬಿನ ಮೇಜಿನ ಮೇಲಿರಬೇಕು. ತಡವಾದರೆ ನಳಿಗೆಯೊಳಗಿನ ರಕ್ತದ ಕಣಗಳು ಒಡೆಯಲು ಶುರುವಾಗಿ ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ. ಆಮೇಲೆ ರೋಗಿಗೆ ಇನ್ನೊಂದು ಸಲ ಸೂಜಿ.

ಇದಕ್ಕೆ ಮುಂಚೆ ಹನ್ನೊಂದು ವರ್ಷ ಅವರು ಅದೇ ಲ್ಯಾಬಿನ ಟೈಪಿಂಗ್ ಮೇಜಿನಲ್ಲಿದ್ದರು. ಗೋಡೆಗೆ ಮುಖ, ಬಾಗಿಲಿಗೆ ಬೆನ್ನು. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರದೋ ಸಕ್ಕರೆ, ಯಾರದೋ ಕೊಬ್ಬು, ಯಾರದೋ ಉಪ್ಪಿನ ಅಂಶ ಟೈಪ್ ಮಾಡಿ ಮಾಡಿ ಅವರ ಬೆನ್ನು ಹಿಡಿಯಿತು, ಮಂಡಿ ಹಿಡಿಯಿತು, ಕೊನೆಕೊನೆಗೆ ಮಾತೂ ಕಡಿಮೆಯಾಯಿತು. ನನಗಂತೂ ಅದೇ ದೊಡ್ಡ ಬೇಜಾರು. ಜಗಳಕ್ಕೆ ಬಾರದ ಅತ್ತಿಗೆಯನ್ನು ಇಟ್ಟುಕೊಂಡು ನಾದಿನಿಯಾದವಳು ಏನು ಮಾಡಬೇಕು?

ಅವರ ನಲವತ್ತಮೂರನೇ ವಯಸ್ಸಿನಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ವಿದ್ಯಾರ್ಥಿಯೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಸೈಕಲ್ಲನ್ನು ಮೆಟ್ಟಿಲ ಕೆಳಗೆ ಮಾರಾಟಕ್ಕೆ ಇಟ್ಟ. ತೆಳ್ಳನೆ ಚಕ್ರ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಅತ್ತಿಗೆ ಹನ್ನೊಂದನೇ ವಯಸ್ಸಿಗೇ ಹಾಲಿನವನ ಭಾರದ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತವರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಮೆಟ್ಟಿಲಿಳಿಯುವಾಗೆಲ್ಲ ಅದನ್ನು ಮುಟ್ಟಿ ಹೋಗುತ್ತಿದ್ದರು, ನಾಲ್ಕನೆಯ ದಿನ ಕೊಂಡೇಬಿಟ್ಟರು. ಹತ್ತಿದ ಮೊದಲ ದಿನವೇ ಗೇಟಿನ ಬಳಿ ದಬ್ಬನೆ ಬಿದ್ದರು. ನಾನು ಮಹಡಿಯ ಮೇಲಿಂದ ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಕ್ಕು ಮುಗೀತಾ? ಕೆಳಗೆ ಬಾ, ಹಿಂದೆ ಹಿಡ್ಕೋ," ಅಂದರು.

ಹಿಡಿದುಕೊಂಡೆ. ಮೂರು ವಾರದಲ್ಲಿ ಹಿಡಿಯಲು ಹೋದವಳನ್ನು ಅರ್ಧ ಬೀದಿ ಹಿಂದೆ ಬಿಟ್ಟಿದ್ದರು. ಬೆನ್ನು ನೆಟ್ಟಗಾಯಿತು, ಬಾಯಿಯೂ ಬಂತು. ಲ್ಯಾಬಿನ ವ್ಯಾನು ಟ್ರಾಫಿಕ್ಕಿನಲ್ಲಿ ಸಿಕ್ಕಿ ದಿನಾ ತಡವಾಗಿ ಬರುತ್ತಿದ್ದ ಕಾಲ ಅದು. ಒಂದು ದಿನ ಅತ್ತಿಗೆ ನೇರ ದೊಡ್ಡ ಮೇಡಂ ಕೋಣೆಗೆ ಹೋಗಿ, "ನಾನು ತರ್ತೀನಿ, ಒಂದು ವಾರ ನೋಡಿ," ಅಂದರು. ದೊಡ್ಡ ಮೇಡಂ ನಮ್ಮ ಲ್ಯಾಬಿನ ಮುಖ್ಯಸ್ಥೆ, ಡಾಕ್ಟರು. ಕನ್ನಡಕದ ಮೇಲಿಂದ ನೋಡಿದರೆ ಗೋಡೆ ಗಡಿಯಾರವೂ ನೆಟ್ಟಗಾಗಬೇಕು. ಒಂದು ವಾರ ನೋಡಿದರು. ಅಲ್ಲಿಂದ ಎರಡು ವರ್ಷ ಆ ಕೆಲಸ ಹೂವಿನ ಸರ ಎತ್ತಿದಷ್ಟು ಸುಲಭವಾಗಿ ನಡೆಯಿತು. ಅತ್ತಿಗೆಯ ಪಾಲಿಗೆ ಅದು ಬರೀ ಕೆಲಸವಾಗಿರಲಿಲ್ಲ. ಆ ಒಂದೂವರೆ ತಾಸಿನಲ್ಲಿ ಅವರು ಬದುಕುತ್ತಿದ್ದರು, ಉಳಿದದ್ದೆಲ್ಲ ಅದರ ಸುತ್ತ ಇತ್ತು.

ಆಮೇಲೆ ಪಂಕ್ಚರ್ ಶುರುವಾಯಿತು.

ಮೊದಲನೆಯದು ಗಾಜು. ಎರಡನೆಯದೂ ಗಾಜು, ಅದೇ ವಾರ, ಅದೇ ಕಾಲುವೆ ರಸ್ತೆ. ಅತ್ತಿಗೆ ಹೋಗುವ ದಾರಿಯಲ್ಲಿ ಆರು ಕಿಲೋಮೀಟರ್ ಕಾಲುವೆಯ ಪಕ್ಕದಲ್ಲೇ ಸಾಗುತ್ತದೆ; ಯಾರೋ ಬಾಟಲಿ ಒಡೆದು ಹಾಕಿದ್ದರು. ಇದು ಅಣ್ಣನ ಕಿವಿಗೆ ಬಿತ್ತು.

ಅಣ್ಣನ ಬಗ್ಗೆ ಹೇಳಬೇಕು. ನನ್ನ ಅಣ್ಣ ರಸ್ತೆ ಗುಡಿಸುವ ಮಿಷಿನ್ ಓಡಿಸುತ್ತಾನೆ. ಇಪ್ಪತ್ತಾರು ವರ್ಷದ ಸರ್ವಿಸು. ಲಾರಿಯಷ್ಟು ದೊಡ್ಡ ಗಾಡಿ, ಅದರ ಹೊಟ್ಟೆಯ ಕೆಳಗೆ ಉಕ್ಕಿನ ತಂತಿಯ ಎರಡು ದುಂಡು ಬ್ರಶ್ಶು ಗಿರಗಿರ ತಿರುಗುತ್ತವೆ. ಎಷ್ಟು ಕೆಳಗೆ ಒತ್ತಬೇಕು ಎನ್ನುವುದಕ್ಕೆ ಚಾಲಕನ ಕೈ ಪಕ್ಕದಲ್ಲಿ ಒಂದು ಹಿಡಿ. ಬೆಳಿಗ್ಗೆ ನಾಲ್ಕಕ್ಕೆ ಹೋದರೆ ಎಂಟಕ್ಕೆ ಮುಗಿಸುತ್ತಾನೆ. ಡಿಪೋದಲ್ಲಿ ಅವನನ್ನು ಕರೆಯುವುದೇ ಪೊರಕೆ ಮಾವ ಎಂದು. ಒಂದು ಬ್ರಶ್ಶನ್ನು ಉಳಿದವರು ಎರಡು ತಿಂಗಳು ಓಡಿಸಿದರೆ ಇವನು ಮೂರೂವರೆ ತಿಂಗಳು ಓಡಿಸುತ್ತಾನೆ. ಉಗ್ರಾಣದವನು ಅದನ್ನು ಎಲ್ಲರೆದುರು ಹೇಳಿ ಹೊಗಳುತ್ತಾನೆ, ಇವನು ಮೀಸೆಯೊಳಗೇ ನಗುತ್ತಾನೆ. ಫೈಲಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಅಷ್ಟು ಮಾತ್ರಕ್ಕೆ ಲೋಕ ಏನೂ ಅವನನ್ನು ತಲೆ ಮೇಲೆ ಹೊತ್ತುಕೊಳ್ಳಲಿಲ್ಲ. ಗುಡಿಸಿದ ರಸ್ತೆ ಯಾರ ಕಣ್ಣಿಗೆ ಬೀಳುತ್ತದೆ? ಗುಡಿಸದೇ ಇದ್ದದ್ದು ಮಾತ್ರ ಕಾಣುತ್ತದೆ.

ಅದುವರೆಗೆ ಕಾಲುವೆ ರಸ್ತೆಗೆ ಮಿಷಿನ್ ಹೋಗುತ್ತಿದ್ದದ್ದು ವಾರಕ್ಕೊಮ್ಮೆ. ಎರಡನೆಯ ಪಂಕ್ಚರ್ ಆದ ಮಾರನೆಯ ದಿನದಿಂದ ಅಣ್ಣ ದಿನಾ ಹೋಗತೊಡಗಿದ. ದಾರಿಯನ್ನು ಹಿಂದೆ ಮುಂದೆ ಮಾಡಿಕೊಂಡರೂ ಹಳಬ ಅಂತ ಡಿಪೋದಲ್ಲಿ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಎಂಟೂಕಾಲಿಗೆ ಮನೆಗೆ ಬಂದು, ಹೊರಡಲು ಶೂ ಕಟ್ಟುತ್ತಿರುವ ಅತ್ತಿಗೆಯ ಎದುರು ನಿಂತು, ಅಲ್ಲ, ತಪ್ಪು ಹೇಳಿದೆ, ಅಷ್ಟೊತ್ತಿಗೆ ಅವರು ಹೊರಟಾಗಿರುತ್ತಿತ್ತು. ಅವನು ವರದಿ ಒಪ್ಪಿಸುತ್ತಿದ್ದದ್ದು ಸಂಜೆ ಕಾಫಿಗೆ.

"ಇವತ್ತು ಎಡಗಡೆ ಅಂಚು ಎರಡು ಸಲ ಹೊಡೆದಿದೀನಿ. ನಾಲಿಗೆ ಇಟ್ಟು ನೆಕ್ಕಬಹುದು, ಹಾಗಿದೆ ರಸ್ತೆ," ಅನ್ನುತ್ತಿದ್ದ.

"ನೆಕ್ಕೋದು ನಿಮ್ಮ ತಂಗೀಗೆ ಬಿಟ್ಟೆ," ಅನ್ನುತ್ತಿದ್ದರು ಅತ್ತಿಗೆ. ಆದರೆ ಅವರ ಮುಖ ಅರಳುತ್ತಿತ್ತು.

ಮೂರನೆಯ ಪಂಕ್ಚರ್ ಆಯಿತು. ನಾಲ್ಕು, ಐದು ಆದವು. ಅಣ್ಣ ಹಲ್ಲು ಕಚ್ಚಿದ. ಎರಡು ಸಲ ಗುಡಿಸುತ್ತಿದ್ದವನು ಮೂರು ಸಲ ಗುಡಿಸಿದ. ಹರಳೂ ಉಳಿಯಬಾರದು ಎಂದು ಬ್ರಶ್ಶಿನ ಹಿಡಿಯನ್ನು ಇನ್ನೂ ಕೆಳಗೆ ಒತ್ತಿದ. ಆರು, ಏಳು, ಎಂಟು.

ಪಂಕ್ಚರ್ ಅಂದರೆ ಅತ್ತಿಗೆಗೆ ಅಳು ಬರುವ ವಿಷಯವಲ್ಲ, ಸಿಟ್ಟು ಬರುವ ವಿಷಯ. ಚಕ್ರ ಬಿಚ್ಚಿ, ಟೈರಿನ ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಟ್ಯೂಬು ಎಳೆದು, ಹೊಸದು ತೂರಿಸಿ, ಕೈಪಂಪಿನಲ್ಲಿ ಇನ್ನೂರು ಸಲ ಹೊಡೆದು ಮತ್ತೆ ಹತ್ತಲು ಅವರಿಗೆ ಮೊದಮೊದಲು ಹತ್ತು ನಿಮಿಷ ಬೇಕಾಗುತ್ತಿತ್ತು. ಈಗ ಐದಕ್ಕೆ ಇಳಿದಿತ್ತು. ಸಂಜೆ ಬಕೆಟ್ಟಿನ ನೀರಿನಲ್ಲಿ ಟ್ಯೂಬು ಅದ್ದಿ, ಗುಳ್ಳೆ ಬಂದ ಕಡೆ ಗುರುತು ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸುವರು. ಅವರದೊಂದು ಶಿಸ್ತು ಇತ್ತು. ಟೈರಿನ ಮೇಲಿನ ಅಕ್ಷರ ಯಾವಾಗಲೂ ಗಾಳಿ ಹಾಕುವ ಮೂತಿಯ ಎದುರಿಗೇ ಬರುವ ಹಾಗೆ ಕೂರಿಸುವರು. ಆಗ ಟ್ಯೂಬಿನ ತೂತು ಮೂತಿಯಿಂದ ಎಷ್ಟು ಗೇಣು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರೆ ಚುಚ್ಚಿದ್ದು ಸಿಗಬೇಕು. ಬೆರಳಾಡಿಸಿದರೆ ಏನೂ ಸಿಗುತ್ತಿರಲಿಲ್ಲ. ತೂತು ಮಾತ್ರ ಇರುತ್ತಿತ್ತು, ಸಾಸಿವೆಗಿಂತ ಸಣ್ಣದು.

ಸೈಕಲ್ ಅಂಗಡಿಯವರನ್ನು ನಾವು ಗಾಳಿ ಮೇಷ್ಟ್ರು ಅನ್ನುತ್ತೇವೆ, ಪಾಠ ಮಾಡದೆ ಗಾಳಿ ಹಾಕುವವರಲ್ಲ ಅವರು. "ಇದು ಟೈರಲ್ಲ ಮೇಡಂ, ಬಲೂನು. ದಪ್ಪದ್ದು ಹಾಕಿಸಿ," ಎಂದರು. ದಪ್ಪದ್ದು ಹಾಕಿಸಿದರು. ಮೂರನೆಯ ದಿನವೇ ಅದೂ ಉಸ್ಸೆಂದಿತು. ನಾನು ಕಿಟಕಿಯಲ್ಲಿ ಕೂತು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಒಂದು ಮಾತು ಬಿಟ್ಟೆ. ಅತ್ತಿಗೆ ಎಣ್ಣೆಗೈಯಲ್ಲೇ ನನ್ನ ಕೆನ್ನೆ ಹಿಂಡಿ ಹೋದರು. ಆ ಕರಿ ಹೊತ್ತುಕೊಂಡೇ ಇಡೀ ಬೆಳಿಗ್ಗೆ ರೋಗಿಗಳಿಗೆ ರಿಪೋರ್ಟ್ ಕೊಟ್ಟೆ, ಒಬ್ಬರೂ ಹೇಳಲಿಲ್ಲ.

ನಡುವೆ ಅಣ್ಣನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ. ಆ ನಾಲ್ಕು ದಿನ ಒಂದೂ ಪಂಕ್ಚರ್ ಆಗಲಿಲ್ಲ. "ಗ್ರಹಚಾರ ಕಳೀತು," ಅಂದೆ ನಾನು. ಅವನು ಎದ್ದು ಕೆಲಸಕ್ಕೆ ಹೋದ ಎರಡನೆಯ ದಿನ ಒಂಬತ್ತನೆಯದು. ಆಗಲೂ ನಮಗೆ ಹೊಳೆಯಲಿಲ್ಲ. ದೀಪದ ಕೆಳಗೆ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಹನ್ನೊಂದನೆಯದೂ ಹನ್ನೆರಡನೆಯದೂ ಒಂದೇ ಬೆಳಿಗ್ಗೆ ಆದವು. ಜೊತೆಗಿದ್ದ ಹೊಸ ಟ್ಯೂಬು ಒಂದೇ, ಎರಡನೆಯ ಸಲ ದಾರಿಯಲ್ಲೇ ಕೂತು ಪ್ಯಾಚ್ ಹಾಕಬೇಕಾಗಿ ಅತ್ತಿಗೆ ಲ್ಯಾಬು ಮುಟ್ಟಿದಾಗ ಹತ್ತು ದಾಟಿತ್ತು. ಅವತ್ತಿನ ಡಬ್ಬಿಯಲ್ಲಿ ಏಳು ತಿಂಗಳ ಮಗುವೊಂದರ ರಕ್ತವಿತ್ತು, ಅದು ಕೆಟ್ಟಿತ್ತು. ಮಧ್ಯಾಹ್ನ ತಾಯಿ ಮಗುವನ್ನು ಎತ್ತಿಕೊಂಡು ನಮ್ಮ ಲ್ಯಾಬಿಗೇ ಬಂದಳು, ಇನ್ನೊಂದು ಸಲ ಚುಚ್ಚಿಸಲು. ಆ ಪುಟ್ಟ ಕೈಯಲ್ಲಿ ನರ ಸಿಗುವುದೇ ಕಷ್ಟ. ಮಗು ಅತ್ತದ್ದು ಟೈಪಿಂಗ್ ಮೇಜಿನವರೆಗೂ ಕೇಳಿಸಿತು. ಅತ್ತಿಗೆ ಬಾಗಿಲ ಹೊರಗೆ ನಿಂತೇ ಇದ್ದರು. ತಾಯಿ ಹೊರಬಂದಾಗ, "ತಡವಾಗಿದ್ದು ನನ್ನಿಂದ," ಅಂದರು. ತಾಯಿ ಮಗುವಿನ ಕೈಗೆ ಉಫ್ ಎಂದು ಊದುತ್ತ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ದೊಡ್ಡ ಮೇಡಂ ಕರೆಸಿದರು. ನನಗೂ ಕೇಳಲಿ ಅಂತಲೋ ಏನೋ, ಬಾಗಿಲು ಹಾಕಲಿಲ್ಲ.

"ನಿಮ್ಮ ಮೇಲೆ ನನಗೆ ದೂರಿಲ್ಲ. ಆದ್ರೆ ರಕ್ತಕ್ಕೆ ನಿಮ್ಮ ಕಷ್ಟ ಗೊತ್ತಾಗಲ್ಲ," ಅಂದರು. "ಈ ತಿಂಗಳು ಮುಗಿಯೋವರೆಗೆ ನೋಡ್ತೀನಿ. ಇನ್ನೊಂದು ಸಲ ತಡವಾದ್ರೆ ವ್ಯಾನಿಗೇ ವಾಪಸ್ ಕೊಡ್ತೀನಿ. ನಿಮ್ಮ ಹಳೇ ಮೇಜು ಖಾಲೀನೇ ಇದೆ."

ತಿಂಗಳಲ್ಲಿ ಇನ್ನು ಆರು ದಿನ ಇತ್ತು. ಅತ್ತಿಗೆ ಹೊರಗೆ ಬಂದು ಆ ಮೇಜನ್ನು ಒಮ್ಮೆ ನೋಡಿದರು. "ಅಲ್ಲಿಗೆ ನಾನು ಹೋಗಲ್ಲ ಕಣೆ," ಅಂದರು ನನಗೆ. "ಕಾಯಿಲೆಗೆ ಕಾರಣ ಇರ್ಲೇಬೇಕು. ಇಷ್ಟು ವರ್ಷ ಲ್ಯಾಬಲ್ಲಿ ಕೂತು ಅಷ್ಟೂ ಗೊತ್ತಾಗದೆ ಇರುತ್ತಾ? ಹುಡುಕ್ತೀನಿ."

ಹದಿಮೂರನೆಯದು ಶನಿವಾರ ಆಯಿತು. ನಾಲ್ಕೂವರೆ ನಿಮಿಷದಲ್ಲಿ ಟ್ಯೂಬು ಬದಲಿಸಿ, ಏದುಸಿರು ಬಿಡುತ್ತ ಒಂಬತ್ತು ಇಪ್ಪತ್ತೊಂಬತ್ತಕ್ಕೆ ಡಬ್ಬಿ ಇಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಬಿನ ಹಿತ್ತಿಲಲ್ಲಿ ಹಿಂದಿನ ಚಕ್ರ ಬಿಚ್ಚಿಕೊಂಡು ಕೂತರು. ಬೆರಳಿಗೆ ಏನೂ ಸಿಗಲಿಲ್ಲ. ಆಗ ಅವರಿಗೆ ಬುದ್ಧಿ ಓಡಿತು. ಒಳಗೆ ಹೋಗಿ, ಸೂಜಿ ಚುಚ್ಚಿದ ಮೇಲೆ ಒತ್ತಲು ಕೊಡುತ್ತೇವಲ್ಲ, ಆ ಹತ್ತಿಯ ಉಂಡೆ ಒಂದು ತಂದು, ಅದರಿಂದ ಟೈರಿನ ಒಳಮೈಯನ್ನು ಮೆಲ್ಲಗೆ ಒರೆಸುತ್ತ ಬಂದರು. ಎರಡು ಗೇಣು ಸರಿದಾಗ ಹತ್ತಿಯ ಒಂದು ಎಳೆ ಸಿಕ್ಕಿಕೊಂಡು ನಿಂತಿತು. ಆ ಜಾಗವನ್ನು ಹಿಂದಕ್ಕೆ ಬಗ್ಗಿಸಿ, ಚಿಮಟದಿಂದ ಹಿಡಿದು ಎಳೆದರು. ಹೊರಬಂದದ್ದು ಚಪ್ಪಟೆಯಾದ ಉಕ್ಕಿನ ಚೂರು, ಅಕ್ಕಿಕಾಳಿನ ಅರ್ಧದಷ್ಟು, ಒಂದು ತುದಿ ಉಳಿಯ ಬಾಯಿಯ ಹಾಗೆ ಚೂಪು. ಸೈಕಲ್ ಓಡುವಾಗ ಭಾರಕ್ಕೆ ಒಳಗೆ ನುಗ್ಗಿ ಟ್ಯೂಬಿಗೆ ಚುಚ್ಚುತ್ತದೆ, ಚಕ್ರ ಬಿಚ್ಚಿದರೆ ರಬ್ಬರಿನೊಳಗೆ ಅಡಗಿ ಕೂರುತ್ತದೆ. ಅದೇ ಟೈರಿನಲ್ಲಿ ಇನ್ನೂ ನಾಲ್ಕು ಸಿಕ್ಕವು.

"ಸಿಕ್ಕಿಬಿಟ್ಟ ಕಳ್ಳ," ಅಂದೆ ನಾನು.

ಅತ್ತಿಗೆ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಇದನ್ನ ನಾನು ದಿನಾ ನೋಡ್ತೀನಿ," ಅಂದರು. "ನಿಮ್ಮಣ್ಣನ ಪ್ಯಾಂಟು ಒಗೆಯೋವಾಗ ಕಾಲಿನ ಮಡಿಕೇಲಿ ಇರುತ್ತೆ. ಎಷ್ಟು ಸಲ ಕೈಗೆ ಚುಚ್ಚಿದೆ. ಇದು ಅವರ ಬ್ರಶ್ಶಿನ ತಂತಿ."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಕೂಡಿ ಬಂತು. ಸವೆದ ಬ್ರಶ್ಶು. ಅದನ್ನು ಬದಲಿಸದೆ ಓಡಿಸುವುದೇ ಅವನ ಹೆಚ್ಚುಗಾರಿಕೆ. ಅದರ ಮೇಲೆ ಹಿಡಿ ಒತ್ತಿ, ಹೆಂಡತಿ ಹೋಗುವ ಅಂಚಿನಲ್ಲೇ ದಿನಕ್ಕೆ ಮೂರು ಸಲ. ತಂತಿ ತುಂಡಾಗಿ ಉದುರದೆ ಇನ್ನೇನಾಗುತ್ತದೆ? ಅವನು ಗುಡಿಸಿದಷ್ಟೂ ಪಂಕ್ಚರ್, ಪಂಕ್ಚರ್ ಆದಷ್ಟೂ ಅವನು ಗುಡಿಸಿದ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅತ್ತಿಗೆ," ಅಂದೆ.

ಅತ್ತಿಗೆ ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದು ಅದೇ ಮೊದಲು. "ಆ ಗಾದೆ ಅವರ ಮುಂದೆ ಹೇಳಿದ್ರೆ ನಿನ್ನ ನಾಲಿಗೆ ಸೀಳ್ತೀನಿ. ಬೇಲಿಗೆ ಹೊಲದ ಮೇಲೆ ಆಸೆ ಇತ್ತು. ಇವರಿಗೆ ಏನಿತ್ತು?"

ನನಗೆ ತೋಚಿದ ಉಪಾಯ ಹೇಳಿದೆ. "ಅವನಿಗೆ ಹೇಳೋದೇ ಬೇಡ. ಬೆಳಿಗ್ಗೆ ಧೂಳು ಎದ್ದು ಕೆಮ್ಮು ಬರ್ತಿದೆ, ಆ ದಾರಿ ಗುಡಿಸ್ಬೇಡಿ ಅನ್ನಿ. ಪಾಪ, ನಿಲ್ಲಿಸ್ತಾನೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಆ ದಾರೀಲಿ ನಾನೊಬ್ಬಳೇ ಹೋಗ್ತೀನಾ? ಅವರು ಇನ್ನೊಂದು ರಸ್ತೇಲಿ ಅದೇ ಬ್ರಶ್ ಒತ್ತುತ್ತಾರೆ. ಒಂದಲ್ಲ ಒಂದು ದಿನ ಯಾರೋ ಇದನ್ನ ಹಿಡ್ಕೊಂಡು ಡಿಪೋಗೆ ಬರ್ತಾರೆ." ಅತ್ತಿಗೆ ಚೂರುಗಳನ್ನು ಹತ್ತಿಯಲ್ಲಿ ಸುತ್ತಿದರು. "ಬೇರೆಯವರು ಹೇಳಿದ್ರೆ ಅವರಿಗೆ ಅವಮಾನ. ನಾನು ಹೇಳಿದ್ರೆ ಬರೀ ಬೇಜಾರು."

ಭಾನುವಾರ ಲ್ಯಾಬಿಗೆ ರಜೆ, ಅಣ್ಣನಿಗೆ ಇಲ್ಲ. ಬೆಳಿಗ್ಗೆ ಆರೂವರೆಗೆ ಅತ್ತಿಗೆ ನನ್ನನ್ನು ಎಬ್ಬಿಸಿಕೊಂಡು ಕಾಲುವೆ ರಸ್ತೆಗೆ ನಡೆದರು. ಕೈಯಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಅದಕ್ಕೊಂದು ಹಗ್ಗ. ರಸ್ತೆಯ ಎಡ ಅಂಚಿನಲ್ಲಿ ಅದನ್ನು ಎಳೆದುಕೊಂಡು ನೂರು ಹೆಜ್ಜೆ ಹೋದೆವು. ಎತ್ತಿ ನೋಡಿದರೆ ಅದಕ್ಕೆ ಗಡ್ಡ ಬೆಳೆದಿತ್ತು.

ತಿರುವಿನಲ್ಲಿ ಹಳದಿ ದೀಪ ತಿರುಗಿಸುತ್ತ ಅಣ್ಣನ ಮಿಷಿನ್ ಬಂತು. ನಮ್ಮನ್ನು ಕಂಡು ನಿಲ್ಲಿಸಿ, ಇಂಜಿನ್ ಆರಿಸಿ, ನಗುತ್ತಾ ಇಳಿದ.

"ಏನಿದು, ಅತ್ತಿಗೆ ನಾದಿನಿ ಇಬ್ಬರೂ ತನಿಖೆಗೆ ಬಂದ್ರಾ? ನೋಡಿ ಬೇಕಾದ್ರೆ. ಒಂದು ಹರಳು ತೋರಿಸಿ."

"ಹರಳಿಲ್ಲ ರೀ," ಅಂದರು ಅತ್ತಿಗೆ. ಅಯಸ್ಕಾಂತವನ್ನು ಅವನ ಮುಂದೆ ಹಿಡಿದರು. "ಟೈರಲ್ಲಿ ಸಿಕ್ಕಿದ್ದು ಇದು. ನಿಮ್ಮ ಬ್ರಶ್ಶಿಂದು."

"ನಂದಲ್ಲ. ಇದು ಲಾರಿ ಟೈರೊಳಗಿನ ತಂತಿ," ಅಂದ ತಕ್ಷಣ. ಇಪ್ಪತ್ತಾರು ವರ್ಷದ ಅನುಭವ ಮಾತಾಡಿದ ಹಾಗೇ ಇತ್ತು. ಅತ್ತಿಗೆ ಬಗ್ಗಿ, ಅವನ ಪ್ಯಾಂಟಿನ ಕಾಲಿನ ಮಡಿಕೆ ಬಿಡಿಸಿ, ಒಂದು ಚೂರು ತೆಗೆದು, ಉಳಿದವುಗಳ ಪಕ್ಕದಲ್ಲಿ ಇಟ್ಟರು. ಅಣ್ಣ ನೋಡಿದ. ಅವನ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಹೋಗುವುದು ಹೇಗೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಒಟ್ಟು ಎಷ್ಟಾಯ್ತು?" ಅಂದ.

"ಹದಿಮೂರು."

"ಎಲ್ಲಾ ನಂದೇನಾ?"

"ಮೊದಲಿನ ಎರಡು ಗಾಜು."

"ಹನ್ನೊಂದು ನಂದು," ಅಂದ ಅಣ್ಣ. ಆಮೇಲೆ, "ಆ ಮಗೂದು?" ಅಂದ. ಅತ್ತಿಗೆ ಅವನ ತೋಳು ಹಿಡಿದುಕೊಂಡರು. ಅವನು ಅವರ ಕೈಯಿಂದ ಅಯಸ್ಕಾಂತ ತೆಗೆದುಕೊಂಡು ಗಾಡಿ ಹತ್ತಿದ. ಬ್ರಶ್ಶು ಮೇಲೆತ್ತಿದ ಸದ್ದು ಕೇಳಿಸಿತು. ಏನನ್ನೂ ಗುಡಿಸದೆ ಗಾಡಿ ಹೋಯಿತು. ನನಗೆ ಅವನ ಹಿಂದೆ ಓಡಬೇಕು ಅನ್ನಿಸಿತು, ಚಿಕ್ಕವಳಿದ್ದಾಗ ಓಡುತ್ತಿದ್ದ ಹಾಗೆ.

ಮಧ್ಯಾಹ್ನ ಮನೆಗೆ ಬಂದವನ ಕೈಯಲ್ಲಿ ಡಿಪೋದ ಒಂದು ಫಾರಂ ಇತ್ತು. ಊಟದ ಮೇಜಿನ ಮೇಲೆ ಹರವಿಕೊಂಡು ಕೂತ. ತಂತಿ ನಾಲ್ಕು ಬೆರಳಿಗಿಂತ ಗಿಡ್ಡವಾದರೆ ಬ್ರಶ್ಶು ಬದಲಿಸಬೇಕೆಂದು ನಿಯಮವಿದೆಯಂತೆ. ಅವನದು ಎರಡು ಬೆರಳಿಗೆ ಬಂದಿತ್ತು. ಹಿಡಿಯನ್ನು ಗುರುತಿನಿಂದ ಕೆಳಗೆ ಒತ್ತಬಾರದೆಂದೂ ಇದೆ. ಹೊಸ ಬ್ರಶ್ಶು ಬೇಕೆಂದರೆ ಹಳೆಯದು ಯಾಕೆ ಹೀಗಾಯಿತು ಎಂದು ಬರೆದು ಕೊಡಬೇಕು, ಬರೆದರೆ ಫೈಲಿನಲ್ಲಿ ಉಳಿಯುತ್ತದೆ. ಏನಾಯಿತು, ಯಾರಿಂದ ಆಯಿತು, ಕಾರಣ, ಹೀಗೆ ಮೂರು ಅಂಕಣ.

"ನಾನು ಟೈಪ್ ಮಾಡಿ ಕೊಡ್ಲಾ?" ಅಂದರು ಅತ್ತಿಗೆ.

"ಬೇಡ, ಕೈಬರಹದಲ್ಲೇ ಇರ್ಲಿ."

ಮೊದಲ ಎರಡು ಅಂಕಣ ಸರಸರ ಬರೆದ. ಮೂರನೆಯದಕ್ಕೆ ಪೆನ್ನು ನಿಂತಿತು. ಐದು ನಿಮಿಷವಾದರೂ ಅಲ್ಲಾಡಲಿಲ್ಲ. ನನಗೆ ನೋಡಲಾಗಲಿಲ್ಲ.

"ಅಜಾಗರೂಕತೆ ಅಂತ ಬರಿಯಣ್ಣ. ಎಲ್ಲರೂ ಅದನ್ನೇ ಬರೆಯೋದು, ಎಚ್ಚರಿಕೆ ಕೊಟ್ಟು ಬಿಡ್ತಾರೆ," ಅಂದೆ.

ಅಣ್ಣ ತಲೆಯೆತ್ತಿದ. "ಅಜಾಗರೂಕತೆ ಅಲ್ಲ ಕಣೆ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಜಾಗರೂಕತೆಯಿಂದ ನಾನು ಯಾವತ್ತೂ ಗುಡಿಸಿರ್ಲಿಲ್ಲ."

ಆಮೇಲೆ ಏನೋ ಬರೆದ. ಉದ್ದದ ಸಾಲೇ ಇರಬೇಕು, ಅಂಕಣ ದಾಟಿ ಅಂಚಿಗೆ ಹೋಯಿತು. ಪರೀಕ್ಷೆಯಲ್ಲಿ ಮಕ್ಕಳು ಮಾಡುವ ಹಾಗೆ ಎಡಗೈ ಅಡ್ಡ ಇಟ್ಟುಕೊಂಡಿದ್ದ. ಮಡಚಿ ಜೇಬಿಗೆ ಹಾಕಿಕೊಂಡು, "ನಾಳೆ ಕೊಡ್ತೀನಿ," ಎಂದು ಎದ್ದ. ಅತ್ತಿಗೆಯೂ ಕೇಳಲಿಲ್ಲ.

ಸೋಮವಾರ ತಿಂಗಳ ಕೊನೆಯ ದಿನ. ಅವತ್ತು ಕಾಲುವೆ ರಸ್ತೆಯನ್ನು ಯಾರೂ ಗುಡಿಸಲಿಲ್ಲ. ಅಣ್ಣ ಬ್ರಶ್ಶು ಮೇಲೆತ್ತಿ, ಗಾಡಿಯ ಹಿಂದೆ ಆ ಅಯಸ್ಕಾಂತ ನೇತುಹಾಕಿಕೊಂಡು, ನಡೆಯುವವರೂ ಹಿಂದಿಕ್ಕುವಷ್ಟು ನಿಧಾನಕ್ಕೆ ಆರು ಕಿಲೋಮೀಟರೂ ಒಂದು ಸಲ ಹೋಗಿ ಬಂದನಂತೆ. ಎಂಟಕ್ಕೆ ಅತ್ತಿಗೆ ಹೊರಟರು. ತರಗೆಲೆ, ಮರಳು, ಕಾಗದದ ಲೋಟ, ಎಲ್ಲದರ ಮೇಲೆ. ಮೂರನೆಯ ಕೋಣೆಯಲ್ಲಿ ನರ್ಸಮ್ಮ ನಳಿಗೆಗೆ ಚೀಟಿ ಅಂಟಿಸುವುದು ತಡವಾಗಿ ಹನ್ನೆರಡು ನಿಮಿಷ ಹೋಯಿತು. ಇನ್ನೊಂದು ಪಂಕ್ಚರ್ ಆಗಿದ್ದರೆ ಕಥೆ ಮುಗಿದಿತ್ತು. ಆಗಲಿಲ್ಲ. ಅಲ್ಲಿಂದ ಮುಂದೆ ಅವರು ಹೇಗೆ ತುಳಿದರೋ, ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿಕೊಂಡೇ ಕೂತಿದ್ದೆ, ಎದುರಿಗೆ ನಿಂತವರು ರಿಪೋರ್ಟ್ ಕೇಳಿ ಕೇಳಿ ಸೋತರು. ಒಂಬತ್ತು ಇಪ್ಪತ್ತಾರಕ್ಕೆ ಗೇಟಿನಲ್ಲಿ ಕೆಂಪು ಹೆಲ್ಮೆಟ್ಟು ಕಾಣಿಸಿತು.

ದೊಡ್ಡ ಮೇಡಂ ಡಬ್ಬಿಯನ್ನು ತಾವೇ ತೆಗೆದುಕೊಂಡರು. ಗಡಿಯಾರ ನೋಡಿದರು. "ನಾಳೇನೂ ಎಂಟಕ್ಕೇ ಹೊರಡ್ತೀರಲ್ಲ?" ಅಂದರು.

"ಎಂಟಕ್ಕೇ ಮೇಡಂ," ಅಂದರು ಅತ್ತಿಗೆ.

ಅದಾದ ಮೇಲೆ ಎರಡು ವಾರಕ್ಕೆ ಅಣ್ಣ ಡಿಪೋದಿಂದ ಒಂದು ಲಕೋಟೆ ತಂದ. ಸಂಜೆ ಕಾಫಿ ಹೊತ್ತು. ಒಡೆಯದೆ ಅತ್ತಿಗೆಯ ಮುಂದೆ ಇಟ್ಟು, "ನೀನೇ ಓದು. ಆಫೀಸು ಭಾಷೆ ನಿನಗೆ ಚೆನ್ನಾಗಿ ಗೊತ್ತು," ಅಂದ. ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಅತ್ತಿಗೆ ಹನ್ನೊಂದು ವರ್ಷ ಟೈಪ್ ಮಾಡಿದವರ ಗತ್ತಿನಲ್ಲಿ ಗಟ್ಟಿಯಾಗಿ ಓದಿದರು. ತಾವು ಸವೆದ ಬ್ರಶ್ಶನ್ನು ಬಳಸಿರುವುದೂ, ನಿಗದಿತ ಮಟ್ಟಕ್ಕಿಂತ ಕೆಳಗೆ ಒತ್ತಿರುವುದೂ ತಮ್ಮ ಹೇಳಿಕೆಯಿಂದಲೇ ಸಾಬೀತಾಗಿರುತ್ತದೆ. ಸದರಿ ವಿಷಯದಲ್ಲಿ ತಮಗೆ ಎಚ್ಚರಿಕೆ ನೀಡಲಾಗಿದೆ. ಹೊಸ ಬ್ರಶ್ಶನ್ನು ಮಂಜೂರು ಮಾಡಲಾಗಿದೆ. ಇನ್ನು ಮುಂದೆ ಎಲ್ಲ ಚಾಲಕರ ಬ್ರಶ್ಶನ್ನೂ ತಿಂಗಳಿಗೊಮ್ಮೆ ಅಳೆಯತಕ್ಕದ್ದು ಎಂದು ಆದೇಶಿಸಲಾಗಿದೆ. ನಾನು ಉಸಿರು ಬಿಟ್ಟೆ. ಇಷ್ಟೇ ತಾನೆ ಅಂದುಕೊಂಡೆ.

"ಮುಂದುವರಿದು," ಎಂದು ಅತ್ತಿಗೆ ಹಾಳೆ ತಿರುಗಿಸಿದರು. "ಕಾರಣದ ಅಂಕಣದಲ್ಲಿ ತಾವು, 'ಇಷ್ಟು ವರ್ಷ ಯಾರಿಗೋಸ್ಕರ ಗುಡಿಸುತ್ತೇನೆಂದು ನನಗೆ ಗೊತ್ತಿರಲಿಲ್ಲ, ಈಗ ಆ ದಾರಿಯಲ್ಲಿ ನನ್ನ ಹೆಂಡತಿ ಬರುತ್ತಾಳೆ' ಎಂದು..."

ಅವರ ದನಿ ಅಲ್ಲಿ ನಿಂತಿತು. ಅಣ್ಣ ತಿರುಗಲಿಲ್ಲ. ನನ್ನ ಕಣ್ಣು ತುಂಬಿ ಕಾಫಿ ಲೋಟ ಕಾಣದಾಯಿತು. ಅತ್ತಿಗೆ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಉಳಿದದ್ದನ್ನು ಓದಿದರು.

"ಎಂದು ನಮೂದಿಸಿರುತ್ತೀರಿ. ಸದರಿ ಕಾರಣವು ನಿಯಮಾವಳಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಆದಾಗ್ಯೂ ಅದನ್ನು ಅಳಿಸದೆ ತಮ್ಮ ಫೈಲಿನಲ್ಲಿ ಹಾಗೆಯೇ ಇರಿಸಿಕೊಳ್ಳಲಾಗಿದೆ."

"ಆಯ್ತಲ್ಲ. ಮಡಚಿಡು," ಅಂದ ಅಣ್ಣ, ಕಿಟಕಿಯ ಕಡೆಗೇ.

ಅತ್ತಿಗೆ ಮಡಚಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತು, ಆ ಪುಟವನ್ನು ಮೊದಲಿನಿಂದ ಇನ್ನೊಂದು ಸಲ ಓದಿದರು, ಅವನಿಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ.